ಅಭ್ಯಾಸ ಆದ ನಾಯಿಮರಿ ಪುನಃ ಮನೆಯೊಳಗೆ ಮೂತ್ರ ಮಾಡ್ಲಿಕ್ಕೆ ಶುರು ಮಾಡಿದ್ರೆ ಎಂತ ಮಾಡುದು

ಆರೇಳು ತಿಂಗಳ ನಾಯಿ. ಹೊರಗೆ ಹೋಗುದು ಚಂದ ಕಲ್ತಿತ್ತು, ಬಾಗಿಲ ಹತ್ರ ನಿಂತು ಕುಂಯ್ ಕುಂಯ್ ಅಂತ ಕರೀತಿತ್ತು, ನೆಲಕ್ಕೆ ಹಾಸಿದ ಪೇಪರ್ ಎಲ್ಲ ತೆಗೆದೂ ಆಗಿತ್ತು. ಆಮೇಲೆ ಒಂದು ವಾರದಲ್ಲಿ ಎಲ್ಲ ತಲೆಕೆಳಗೆ, ಚಾವಡಿಯ ಮೂಲೆ, ಮಂಚದ ಕಾಲು, ಅಡಿಗೆಕೋಣೆಯ ಚಾಪೆ, ಎಲ್ಲಿ ನೋಡಿದ್ರೂ ಮೂತ್ರ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ನಾಯಿ ಸಾಕುವವರ ಹತ್ರ ಮಾತಾಡಿದ್ರೆ ಈ ಕಥೆ ಬಂದೇ ಬರ್ತದೆ, ಮತ್ತೆ ಹೆಚ್ಚಿನವರು ಹೇಳುದು "ಅದಕ್ಕೆ ಕೊಬ್ಬು, ಎರಡು ಪೆಟ್ಟು ಕೊಟ್ರೆ ಸರಿಯಾಗ್ತದೆ" ಅಂತ. ಅದು ಕೇಳುವಾಗ ನನಗೆ ತುಂಬ ಬೇಜಾರಾಗ್ತದೆ. ನಾಯಿ ನಮ್ಮ ಮೇಲೆ ಹಗೆ ತೀರಿಸ್ಲಿಕ್ಕೆ ಮೂತ್ರ ಮಾಡುದಿಲ್ಲ. ಅದರ ಮೈಯಲ್ಲಿ ಏನೋ ಆಗಿರ್ತದೆ, ಇಲ್ಲದ್ರೆ ಮನೆಯಲ್ಲಿ, ಅಂಗಳದಲ್ಲಿ, ಊಟದ ಟೈಮಲ್ಲಿ ಏನೋ ಬದಲಾಗಿರ್ತದೆ. ಎಂತ ಬದಲಾಯ್ತು ಅಂತ ಮೊದಲು ಹುಡುಕಬೇಕು, ಪುನಃ ಕಲಿಸುದು ಅದರ ನಂತರ. ಈ ಕ್ರಮ ತಪ್ಪಿದ್ರೆ ತಿಂಗಳುಗಟ್ಲೆ ನೆಲ ಒರೆಸ್ತಾ ಇರಬೇಕಾಗ್ತದೆ, ನಾಯಿಯೂ ಹೆದರಿ ಹೆದರಿ ಹಾಳಾಗ್ತದೆ.

ಮೊದಲು: ಒರೆಸುವ ಮುಂಚೆ ನೋಡಿ

ಮೂತ್ರ ಕಂಡ ಕೂಡ್ಲೆ ಬೈರಾಸು ಹಾಕಿ ಒರೆಸ್ಬೇಡಿ, ಅರ್ಧ ನಿಮಿಷ ನೋಡಿ. ಎಷ್ಟು ಉಂಟು? ಒಂದೇ ದೊಡ್ಡ ಮಡು ಆಗಿದ್ರೆ ತುಂಬ ಹೊತ್ತು ತಡ್ಕೊಂಡು ಕೊನೆಗೆ ಆಗದೆ ಬಿಟ್ಟದ್ದು, ಅಥವಾ ನೀರು ಜಾಸ್ತಿ ಕುಡೀತಾ ಉಂಟು. ಅಲ್ಲಲ್ಲಿ ನಾಲ್ಕು ಹನಿ ನಾಲ್ಕು ಹನಿ ಆದ್ರೆ ಮೂತ್ರಕೋಶದಲ್ಲಿ ಉರಿ ಇರಬಹುದು. ಗೋಡೆ, ಕಂಬ, ಬೈಕಿನ ಟಯರು ಹೀಗೆ ನಿಂತ ವಸ್ತುವಿನ ಮೇಲೆ ಚೂರೇ ಚೂರು ಚಿಮುಕಿಸಿದ್ರೆ ಅದು ಗುರುತು ಹಾಕುದು, ಬೇರೆಯೇ ವಿಷಯ. ಮಲಗಿದ ಗೋಣಿಯೇ ಒದ್ದೆ ಆಗಿ ನಾಯಿಗೆ ಅದು ಗೊತ್ತೇ ಇಲ್ಲ ಅಂತಾದ್ರೆ ಮೂತ್ರ ಸೋರುದು, ಅದು ಟ್ರೇನಿಂಗಿನ ಪ್ರಶ್ನೆ ಅಲ್ಲವೇ ಅಲ್ಲ. ಸಣ್ಣ ಹೆಣ್ಣುಮರಿ ಹುಟ್ಟಿದಲ್ಲಿಂದ ಹನಿ ಹನಿ ಸೋರಿಸ್ತಾ ಇದ್ರೆ ಮೂತ್ರನಾಳವೇ ತಪ್ಪು ಜಾಗಕ್ಕೆ ಸೇರಿರುವ ಹುಟ್ಟುದೋಷ ಇರಬಹುದು, ಅದಕ್ಕೆ ಸ್ಕ್ಯಾನಿಂಗ್ ಬೇಕಾಗ್ತದೆ.

ಬಣ್ಣ ನೋಡಿ. ಬಿಳಿ ಟಿಶ್ಯೂ ಅಥವಾ ಹಳೇ ಬಿಳಿ ಬಟ್ಟೆ ಅದ್ದಿದ್ರೆ ಸರಿ ಗೊತ್ತಾಗ್ತದೆ, ಕಾವಿ ನೆಲದಲ್ಲಿ ಕೆಂಪು ಬಣ್ಣ ಕಾಣುದೇ ಇಲ್ಲ. ಟೈಮ್, ಜಾಗ, ಅದರ ಮುಂಚೆ ಎಂತ ತಿಂದಿತ್ತು, ಯಾರು ಬಂದಿದ್ರು, ಎಲ್ಲ ಗೋಡೆಯ ಕ್ಯಾಲೆಂಡರಲ್ಲೇ ಆ ತಾರೀಕಿನ ಚೌಕದಲ್ಲಿ ಪೆನ್ನಲ್ಲಿ ಗೀಚಿಡಿ. ನಾಲ್ಕೈದು ದಿನ ಬರೆದ್ರೆ ಒಂದು ಲೆಕ್ಕ ಕಾಣ್ಲಿಕ್ಕೆ ಶುರುವಾಗ್ತದೆ, ಯಾವಾಗ್ಲೂ ರಾತ್ರಿ ಮೂರಕ್ಕೆ, ಇಲ್ಲ ಯಾವಾಗ್ಲೂ ಮಳೆ ಬಂದಾಗ, ಇಲ್ಲ ಅಜ್ಜಿ ಒಬ್ರೇ ಮನೆಲಿ ಇರುವಾಗ.

ಎರಡನೇದು: ಕಾಯಿಲೆ ಇಲ್ಲ ಅಂತ ಗ್ಯಾರಂಟಿ ಮಾಡ್ಕೊಳ್ಳಿ

ಇದನ್ನು ಹಾರಿಸಿ ಮುಂದೆ ಹೋಗ್ಬೇಡಿ. ಮೂತ್ರದ ಇನ್ಫೆಕ್ಷನ್ ಆದ ನಾಯಿಗೆ ನೀವು ಎಷ್ಟು ಕಲಿಸಿದ್ರೂ ಅದಕ್ಕೆ ತಡ್ಕೊಳ್ಲಿಕ್ಕೆ ಆಗುದಿಲ್ಲ, ಆಗದ್ದಕ್ಕೆ ಪೆಟ್ಟು ತಿನ್ನುದು ಎಂತ ಅನ್ಯಾಯ ಅಲ್ವಾ. ಹೆಣ್ಣುನಾಯಿಗಳಲ್ಲಿ ಇನ್ಫೆಕ್ಷನ್ ಜಾಸ್ತಿ. ಲಕ್ಷಣ ಅಂದ್ರೆ ಪದೇ ಪದೇ ಕೂತ್ಕೊಳ್ಳುದು, ಸ್ವಲ್ಪ ಸ್ವಲ್ಪವೇ ಬರುದು, ಆ ಜಾಗ ನೆಕ್ತಾ ಇರುದು, ಮೂತ್ರ ಕೆಟ್ಟ ವಾಸನೆ, ಕೆಲವು ಸಲ ರಕ್ತ.

ನೀರು ಎಷ್ಟು ಕುಡೀತದೆ ಅಂತ ಅಳತೆ ಮಾಡಿ. ಲೀಟರ್ ಬಾಟ್ಲಿಯಿಂದ ಪಾತ್ರೆಗೆ ಹೊಯ್ದು, 24 ಗಂಟೆ ಆದ ಮೇಲೆ ಉಳಿದದ್ದು ಕಳೆದ್ರೆ ಆಯ್ತು. ಸಾಮಾನ್ಯ ನಾಯಿ ಕಿಲೋ ತೂಕಕ್ಕೆ ದಿನಕ್ಕೆ 50-60 ಮಿ.ಲೀ. ಕುಡೀತದೆ, ಅಂದ್ರೆ 10 ಕಿಲೋದ ನಾಯಿ ಅರ್ಧ ಲೀಟರಿನ ಆಸುಪಾಸು. ಬೇಸಗೆಯಲ್ಲಿ ಸ್ವಲ್ಪ ಹೆಚ್ಚು ಆಗ್ತದೆ. ಕಿಲೋಗೆ 100 ಮಿ.ಲೀ. ದಾಟಿದ್ರೆ ಅದು ರೋಗದ ಗುರುತು ಅಂತ್ಲೇ ತಿಳ್ಕೊಂಡು ಡಾಕ್ಟ್ರಿಗೆ ತೋರಿಸಿ, ಕಿಡ್ನಿ, ಶುಗರ್, ಬೇರೆ ಎಷ್ಟೋ ಕಾರಣ ಇರ್ತದೆ. ತುರಿಕೆಗೆ ಪ್ರೆಡ್ನಿಸೊಲೋನ್ ತರದ ಸ್ಟೀರಾಯ್ಡ್ ಮಾತ್ರೆ ಕೊಡ್ತಾ ಇದ್ರೆ ಅದರಿಂದಲೂ ಬಾಯಾರಿಕೆ, ಮೂತ್ರ ಎರಡೂ ಹೆಚ್ಚಾಗ್ತದೆ, ಮಳೆಗಾಲದಲ್ಲಿ ಚರ್ಮದ ಕಾಯಿಲೆ ಜಾಸ್ತಿ ಆದ ಕಾರಣ ನಮ್ಮಲ್ಲಿ ಸುಮಾರು ನಾಯಿಗಳಿಗೆ ಈ ಮಾತ್ರೆ ನಡೀತಾ ಇರ್ತದೆ. ನೀವೇ ನಿಲ್ಲಿಸ್ಬೇಡಿ, ಅದನ್ನು ಒಮ್ಮೆಲೆ ನಿಲ್ಲಿಸುದು ಅಪಾಯ, ಕೊಟ್ಟ ಡಾಕ್ಟ್ರನ್ನೇ ಕೇಳಿ. ಹಾಗೇ ಮನುಷ್ಯರ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಅಂತ ಮನೆಲಿದ್ದ ಮಾತ್ರೆ ಯಾವುದನ್ನೂ ಕೊಡ್ಲೇಬೇಡಿ.

ಮೃಗಾಸ್ಪತ್ರೆಗೆ ಹೋಗುವಾಗ ಮೂತ್ರದ ಸ್ಯಾಂಪಲ್ ತಗೊಂಡು ಹೋದ್ರೆ ಕೆಲಸ ಅರ್ಧ ಮುಗೀತದೆ. ಬೆಳಿಗ್ಗೆ ಬೆಲ್ಟ್ ಹಾಕಿ ಹೊರಗೆ ಕರ್ಕೊಂಡು ಹೋಗಿ, ತೊಳ್ದು ಒಣಗಿಸಿದ ಉದ್ದ ಹಿಡಿಯ ಸೌಟನ್ನು ಹಿಂದಿನಿಂದ ಮೆಲ್ಲ ಕೆಳಗೆ ಹಿಡೀಬೇಕು. ಮೊದಲು ಬರುವ ಚೂರು ಬಿಟ್ಟು ನಡುವಿನದ್ದು ಹಿಡಿಯಿರಿ, ಮೆಡಿಕಲಲ್ಲಿ ಸಿಗುವ ಸ್ಯಾಂಪಲ್ ಡಬ್ಬಿಗೆ ಹಾಕಿ. ಎರಡು ಗಂಟೆಯೊಳಗೆ ಮುಟ್ಟಿಸಿ, ಆಗದಿದ್ರೆ ಫ್ರಿಜ್ಜಲ್ಲಿಟ್ಟು ಅದೇ ದಿನ ಕೊಡಿ. ಗಾಡಿ ಸಿಗದ ಒಳಪ್ರದೇಶದವರು ಮೃಗಸಂರಕ್ಷಣೆಯ ಮೊಬೈಲ್ ಯೂನಿಟ್‌ನ ಟೋಲ್ ಫ್ರೀ ನಂಬರ್ 1962 ಅನ್ನು ಮೊದಲೇ ಫೋನಲ್ಲಿ ಸೇವ್ ಮಾಡಿಡಿ.

ಇನ್ನು ಕಾಯದೆ ಅದೇ ದಿನ ಓಡಬೇಕಾದ ಸಂದರ್ಭಗಳು ಉಂಟು. ಗಂಡುನಾಯಿ ಕಾಲೆತ್ತಿ ತಿಣುಕ್ತಾ ಉಂಟು, ಒಂದು ಹನಿಯೂ ಬರ್ತಾ ಇಲ್ಲ ಅಂದ್ರೆ ಕಲ್ಲು ಅಡ್ಡ ಕೂತಿರಬಹುದು, ನಾಳೆ ನೋಡುವ ಅಂತ ಬಿಟ್ರೆ ಪ್ರಾಣಕ್ಕೇ ಅಪಾಯ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿ, ಒಸಡು ಬಿಳಿಚಿ, ಜ್ವರ ಬಂದು ಮಲಗಿದ್ರೆ ಉಣ್ಣಿಯಿಂದ ಬರುವ ಬಬೇಸಿಯಾ ಜ್ವರ ಇರಬಹುದು. ಮಳೆಗಾಲದಲ್ಲಿ ವಾಂತಿ, ಜ್ವರ, ಕಣ್ಣು ಹಳದಿ, ಮೂತ್ರದಲ್ಲಿ ವ್ಯತ್ಯಾಸ ಕಂಡ್ರೆ ಇಲಿಜ್ವರ, ಲೆಪ್ಟೋಸ್ಪೈರೋಸಿಸ್ ಅಂತಾರಲ್ಲ, ಅದು ಇರಬಹುದು. ಇದು ನಾಯಿಯ ಮೂತ್ರದಿಂದ ಮನುಷ್ಯರಿಗೂ ಬರುವ ರೋಗ, ಹಾಗಾಗಿ ಕೈಯಲ್ಲಿ ಕಾಲಲ್ಲಿ ಗಾಯ ಇದ್ದವರು ಬರಿಗೈಯಲ್ಲಿ ನಾಯಿಮೂತ್ರ ಒರೆಸುದೇ ಬೇಡ, ಗ್ಲೌಸ್ ಇಲ್ಲದ್ರೆ ಪ್ಲಾಸ್ಟಿಕ್ ಚೀಲವಾದ್ರೂ ಕೈಗೆ ಹಾಕಿ, ಆಮೇಲೆ ಸೋಪಲ್ಲಿ ತೊಳೆಯಿರಿ. ವರ್ಷಕ್ಕೊಮ್ಮೆ ಕೊಡುವ ಕಂಬೈನ್ಡ್ ಲಸಿಕೆಯಲ್ಲಿ ಲೆಪ್ಟೋ ಸೇರಿದೆಯಾ ಅಂತ ಕೇಳಿ ತಿಳ್ಕೊಳ್ಳಿ, ತೋಟದಲ್ಲಿ ಓಡಾಡುವ ನಾಯಿಗೆ ಅದು ಬೇಕೇ ಬೇಕು.

ಮೂತ್ರ ಸರಿ ಇದ್ದು ಬರೀ ಎರಡಕ್ಕೆ ಮಾತ್ರ ಒಳಗೆ ಮಾಡ್ತಾ ಇದ್ರೆ ಹುಳದ ಔಷಧಿ ಯಾವಾಗ ಕೊಟ್ಟದ್ದು ಅಂತ ನೆನಪು ಮಾಡಿ. ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಕೊಡುದು ವಾಡಿಕೆ. ಹಲಸಿನ ಹಣ್ಣಿನ ಕಾಲದಲ್ಲಿ ಮರದ ಬುಡದಲ್ಲಿ ಬಿದ್ದದ್ದನ್ನೆಲ್ಲ ತಿಂದು ಹೊಟ್ಟೆ ಕೆಡಿಸಿಕೊಳ್ಳುವ ನಾಯಿಗಳೂ ಸುಮಾರು ಉಂಟು, ಹಾಲು ಜೀರ್ಣ ಆಗದ ನಾಯಿಗಳೂ ಉಂಟು. ಬೇಧಿ ಜೊತೆ ವಾಂತಿ, ರಕ್ತ, ಊಟ ಬಿಡುದು ಆದ್ರೆ, ಅದರಲ್ಲೂ ಲಸಿಕೆ ಆಗದ ಮರಿ ಆದ್ರೆ, ಪಾರ್ವೋ, ಅಂದ್ರೆ ಮರಿಗಳ ಪ್ರಾಣ ತೆಗೆಯುವ ವೈರಸ್ ರೋಗ, ಇರಬಹುದು ಅಂತ ಹೆದರಿ ಕೂಡ್ಲೆ ಹೋಗಿ.

ಮೂರನೇದು: ಪ್ರಾಯ ಬಂತಾ ನೋಡಿ

ಆರು ತಿಂಗಳಿಂದ ಒಂದು ವರ್ಷದೊಳಗೆ ನಾಯಿಗೆ ಪ್ರಾಯ ಬರ್ತದೆ. ಗಂಡುನಾಯಿ ಕಾಲೆತ್ಲಿಕ್ಕೆ ಶುರು ಮಾಡುದು ಆಗಲೇ. ಹೊಸದಾಗಿ ಮನೆಗೆ ಬಂದ ವಸ್ತು ಅಂದ್ರೆ ಅದಕ್ಕೆ ಬಿಡ್ಲಿಕ್ಕೆ ಆಗುದಿಲ್ಲ, ಗ್ಯಾಸ್ ಸಿಲಿಂಡರ್, ನೆಂಟರ ಬ್ಯಾಗು, ಎಲ್ಲಕ್ಕಿಂತ ಕಷ್ಟ ಅಂದ್ರೆ ಅಡಿಕೆ ಗೋಣಿ. ಸುಲಿದು ಕಟ್ಟಿಟ್ಟ ಗೋಣಿಗೆ ಮೂತ್ರ ತಾಗಿದ್ರೆ ಮಾಲು ಹಾಳು, ಮನೆಯ ಯಜಮಾನರ ಕೋಪ ನಾಯಿಯ ಮೇಲೆ. ಗೋಣಿ ಇಡುವ ಕೋಣೆಗೆ ಬಾಗಿಲು ಹಾಕಿ, ಆಗದಿದ್ರೆ ಎತ್ತರದ ಮಣೆಯ ಮೇಲಿಡಿ, ನಾಯಿ ಒಳಗಿರುವಾಗ ಬೆಲ್ಟಲ್ಲೇ ಇರಲಿ. ಗೇಟಿನ ಆಚೆ ಬೀದಿನಾಯಿ ಬಂದು ಗುರುತು ಹಾಕಿ ಹೋದ್ರೂ ಇದು ಒಳಗೆ ಉತ್ತರ ಕೊಡ್ತದೆ, ಹಾಗಾಗಿ ಗೇಟಿನ ಕಂಬ, ಸಿಟೌಟಿನ ಮೂಲೆ ದಿನಾ ನೀರು ಹಾಕಿ ತೊಳೀಬೇಕು. ಮರಿ ಆಗದ ಹಾಗೆ ಬೀಜ ತೆಗೆಯುವ ಆಪರೇಷನ್ ಮಾಡಿಸಿದ್ರೆ ಹೆಚ್ಚಿನ ಗಂಡುನಾಯಿಗಳಲ್ಲಿ ಇದು ಕಡಿಮೆ ಆಗ್ತದೆ, ಪೂರ್ತಿ ನಿಂತೇ ಹೋಗ್ತದೆ ಅಂತ ಅಲ್ಲ, ಅಭ್ಯಾಸ ಆಗಿ ವರ್ಷ ಕಳೆದ ಮೇಲೆ ಮಾಡಿಸಿದ್ರೆ ಉಳಿಯುದೂ ಉಂಟು.

ಹೆಣ್ಣುನಾಯಿ ಮೊದಲ ಸಲ ಹೀಟಿಗೆ, ಅಂದ್ರೆ ಬೆದೆಗೆ ಬರುದೂ ಸಾಮಾನ್ಯವಾಗಿ ಇದೇ ಪ್ರಾಯದಲ್ಲಿ, ಮೂರು ವಾರದಷ್ಟು ಇರ್ತದೆ. ಆಗ ಅದು ಪದೇ ಪದೇ ಸ್ವಲ್ಪ ಸ್ವಲ್ಪ ಮೂತ್ರ ಮಾಡುದು ಸಹಜ, ನೆಲದಲ್ಲಿ ರಕ್ತದ ಹನಿ ಕಂಡು ಮೂತ್ರದಲ್ಲಿ ರಕ್ತ ಅಂತ ತಿಳ್ಕೊಳ್ಳುದೂ ಆಗ್ತದೆ. ಹೀಟ್ ಮುಗಿದು ಒಂದೆರಡು ತಿಂಗಳಲ್ಲಿ ಮಂಕಾಗಿ, ನೀರು ತುಂಬ ಕುಡಿದು, ಹಿಂದಿನಿಂದ ಕೀವಿನ ತರ ಬಂದ್ರೆ ಗರ್ಭಕೋಶದ ಇನ್ಫೆಕ್ಷನ್ ಇರಬಹುದು, ಅದು ಅರ್ಜೆಂಟ್ ಕೇಸು.

ಇನ್ನೊಂದು ತರದ ಮೂತ್ರ ಉಂಟು, ಯಾರಾದ್ರೂ ಮನೆಗೆ ಬಂದು ಬಗ್ಗಿ ತಲೆ ಸವರಿದ ಕೂಡ್ಲೆ ಅಲ್ಲೇ ಸೋರಿಸಿಬಿಡುದು. ಗಲ್ಫಿಂದ ಮಾವ ಬಂದ್ರು, ಎಲ್ಲರೂ ಒಮ್ಮೆಲೆ ಬೊಬ್ಬೆ ಹಾಕಿ ಓಡಿದ್ರು, ನಾಯಿ ಖುಷಿಯಲ್ಲಿ ಹೊಟ್ಟೆ ಮೇಲೆ ಮಾಡಿ ಮಲಗಿ ಮೂತ್ರ ಮಾಡಿತು. ಇದಕ್ಕೆ ಜೋರು ಮಾಡಿದ್ರೆ ಇನ್ನೂ ಹೆಚ್ಚಾಗ್ತದೆ. ಬಂದವರಿಗೆ ಮೊದಲೇ ಹೇಳಿ, "ಮಾವ, ಒಂದು ಐದು ನಿಮಿಷ ಅದನ್ನು ನೋಡ್ಲೇಬೇಡಿ" ಅಂತ. ಅಂಗಳದಲ್ಲೇ ಭೇಟಿ ಮಾಡಿಸಿ, ಬಗ್ಗಿ ಮೈಮೇಲೆ ಬೀಳುದು ಬೇಡ, ಬದಿಗೆ ತಿರುಗಿ ಕೂತು ಎದೆಯ ಹತ್ರ ಮೆಲ್ಲ ಸವರಿದ್ರೆ ಸಾಕು. ವರ್ಷ ತುಂಬುವಾಗ ಹೆಚ್ಚಿನ ನಾಯಿಗಳಲ್ಲಿ ತನ್ನಷ್ಟಕ್ಕೆ ಬಿಟ್ಟುಹೋಗ್ತದೆ.

ನಾಲ್ಕನೇದು: ಅಂಗಳದಲ್ಲಿ, ಊಟದಲ್ಲಿ ಎಂತ ಬದಲಾಯ್ತು

ನಮ್ಮ ಕಡೆಯ ಮಟ್ಟಿಗೆ ಹೇಳುದಾದ್ರೆ ಎಲ್ಲಕ್ಕಿಂತ ದೊಡ್ಡ ಕಾರಣ ಮಳೆ. ಫೆಬ್ರವರಿಯಲ್ಲಿ ಹುಟ್ಟಿದ ಮರಿ ಮೇ ತಿಂಗಳೊಳಗೆ ಎಲ್ಲ ಕಲಿತಿರ್ತದೆ, ಒಣಗಿದ ಬೆಚ್ಚಗಿನ ನೆಲದಲ್ಲಿ ಮಾತ್ರ ಮೂತ್ರ ಮಾಡಿ ಗೊತ್ತು ಅದಕ್ಕೆ. ಜೂನ್ ಬಂತು, ಅಂಗಳ ಕೆಸರು, ತೋಟದಲ್ಲಿ ಜಿಗಣೆ, ಮಾಡಿಂದ ದಬದಬ ನೀರು. ನೋಡಿದ್ದೀರಾ ನೀವು, ಮುಂಗಾಲೆರಡನ್ನು ಮೆಟ್ಲಿಗೆ ಇಳಿಸಿ ಹಿಂಗಾಲು ಜಗಲಿಯಲ್ಲೇ ಇಟ್ಟು ಮೂಗು ಮೇಲೆ ಮಾಡಿ ನಿಲ್ತದೆ, ಮಾಡಿನ ನೀರು ಬೀಳುವ ಆ ಗೆರೆಯ ಹತ್ರ ಒಂದು ಕಾಲು ಇಡ್ತದೆ, ತೆಗೀತದೆ, ಕಿವಿ ಕೊಡವ್ತದೆ, ಒಮ್ಮೆ ನಮ್ಮ ಮುಖ ನೋಡ್ತದೆ, ಆಮೇಲೆ ತಿರುಗಿ ಒಳಗೆ ಬಂದು ಕಂಬದ ಹಿಂದೆ ಕೂತು ಮೂತ್ರ ಮಾಡ್ತದೆ. ನಾವು ಹೊರಗೆ ಮಾಡು ಅಂತ ಕಲಿಸಿದ್ದೇವೆ ಅಂತ ತಿಳ್ಕೊಂಡಿದ್ದೇವೆ, ಅದು ಕಲಿತದ್ದು ಒಣ ಮಣ್ಣಿನಲ್ಲಿ ಮಾಡ್ಬೇಕು ಅಂತ.

ಇದಕ್ಕೆ ಪರಿಹಾರ ಅಂದ್ರೆ ಮಳೆಯಲ್ಲೂ ಒಣಗಿರುವ ಒಂದು ಜಾಗ ಮಾಡಿಕೊಡುದು. ಹಟ್ಟಿಯ ಬದಿಯಲ್ಲೋ ಕಂಪೌಂಡಿನ ಮೂಲೆಯಲ್ಲೋ ನಾಲ್ಕು ಅಡಿಕೆ ಮರದ ಕಂಬ ಊರಿ ಆರಡಿ ಆರಡಿ ಶೀಟ್ ಹಾಕಿ, ಸುತ್ತ ಒಂದು ಸಾಲು ಕೆಂಪುಕಲ್ಲು ಇಟ್ಟು ಒಳಗೆ ಅರ್ಧ ಅಡಿ ಹೊಯಿಗೆ ತುಂಬಿಸಿ. ಬಾವಿಯಿಂದ ದೂರ ಇರಲಿ, ನೀರು ತೆಂಗಿನ ಬುಡಕ್ಕೆ ಹೋಗುವ ಹಾಗೆ ಇಳಿಜಾರು ಇರಲಿ. ಮನೆಯೊಳಗೆ ಮೂತ್ರ ಹೀರಿದ ಒಂದು ಪೇಪರನ್ನು ಮೊದಲ ದಿನ ಆ ಹೊಯಿಗೆಯ ಮೇಲೆ ಇಟ್ರೆ ವಾಸನೆಯಲ್ಲೇ ಅದಕ್ಕೆ ಅರ್ಥ ಆಗ್ತದೆ. ವಾರಕ್ಕೊಮ್ಮೆ ಮೇಲಿನ ಹೊಯಿಗೆ ತೆಗೆದು ಹೊಸತು ಹಾಕಿ. ಅಲ್ಲಿವರೆಗೆ ಹೋಗ್ಲಿಕ್ಕೆ ನೀವು ಕೊಡೆ ಹಿಡ್ಕೊಂಡು ಜೊತೆಗೆ ಹೋಗ್ಬೇಕು, ಬಾಗಿಲು ತೆಗೆದು "ಹೋಗು" ಅಂತ ದೂಡಿದ್ರೆ ಅದು ಬಾಗಿಲ ಬುಡದಲ್ಲೇ ನಿಂತು ಪುನಃ ಒಳಗೆ ಬರ್ತದೆ ಅಷ್ಟೇ.

ಎರಡನೇ ಕಾರಣ ಅಡಿಕೆ. ಕೊಯ್ಲು ಶುರುವಾಗಿ ಅಂಗಳ ತುಂಬ ಅಡಿಕೆ ಹರಗಿದ್ರೆ ನಾಯಿಯ ಜಾಗ ಹೋಯ್ತು. ನಿನ್ನೆವರೆಗೆ ಶಾಬಾಸ್ ಅಂದ ಜಾಗದಲ್ಲಿ ಇವತ್ತು ಕೂತ್ರೆ ಕಲ್ಲು ಬಿಸಾಡ್ತಾರೆ, ಅದಕ್ಕೆ ಎಂತ ಗೊತ್ತಾಗ್ಬೇಕು. ಹಾಗಾಗಿ ಅಂಗಳವನ್ನೇ ಅಭ್ಯಾಸ ಮಾಡಿಸ್ಬೇಡಿ, ವರ್ಷ ಇಡೀ ಇರುವ ಒಂದು ಬದಿಯ ಜಾಗ ಮೊದಲಿಂದಲೇ ಗೊತ್ತು ಮಾಡಿ. ತೋಟಕ್ಕೆ ಮದ್ದು ಬಿಡುವ ದಿನಗಳಲ್ಲೂ ನಾಯಿಯನ್ನು ಇಡೀ ದಿನ ಕಟ್ಟಿ ಹಾಕ್ತೇವೆ, ಅದು ಸರಿಯೇ, ಅಡಿಕೆಗೆ ಬಿಡುವ ಬೋರ್ಡೋ ಮದ್ದಲ್ಲಿ ಮೈಲುತುತ್ತು ಉಂಟು, ನೆಕ್ಕಿದ್ರೆ ವಾಂತಿ ಬೇಧಿ ಆಗ್ತದೆ. ಆದ್ರೆ ನಡುವೆ ಎರಡು ಮೂರು ಸಲ ಬೆಲ್ಟ್ ಹಾಕಿ ಮದ್ದು ಬೀಳದ ಕಡೆ ಕರ್ಕೊಂಡು ಹೋಗಿ ಬರ್ಲೇಬೇಕು.

ಶಬ್ದದ ಹೆದರಿಕೆ ಇನ್ನೊಂದು. ಜನವರಿಯಲ್ಲಿ ಕುಂಬಳೆ ದೇವಸ್ಥಾನದ ಬೆಡಿ, ಅಂದ್ರೆ ಸಿಡಿಮದ್ದು, ಏಪ್ರಿಲ್‌ನಲ್ಲಿ ವಿಷು, ಅಕ್ಟೋಬರ್ ನವೆಂಬರಿನ ಸಂಜೆಯ ಗುಡುಗು, ಹಂದಿ ಓಡಿಸ್ಲಿಕ್ಕೆ ಹೊಡೆಯುವ ಗರ್ನಾಲು. ಹೊರಗೆ ಕೂತ ಹೊತ್ತಿಗೆ ಒಮ್ಮೆ ಢಂ ಅಂದ್ರೆ ಮುಂದೆ ಎಷ್ಟೋ ದಿನ ನಾಯಿ ಕತ್ತಲಾದ ಮೇಲೆ ಇಳಿಯುದಿಲ್ಲ. ಮುಳಿಯಾರು, ಕಾರಡ್ಕದ ತರ ಕಾಡಿನ ಬದಿಯ ಮನೆಗಳಲ್ಲಿ ಚಿರತೆ, ಹಂದಿಯ ವಾಸನೆಗೂ ಹೆದರ್ತದೆ, ಅಂಥ ಕಡೆ ರಾತ್ರಿ ಒಂಟಿಯಾಗಿ ಬಿಡುದೇ ತಪ್ಪು. ಬೆಡಿ ಇರುವ ದಿನ ಸಂಜೆ ಬೆಳಕಿರುವಾಗಲೇ ತಿರುಗಾಡಿಸಿ ಮೂತ್ರ ಮಾಡಿಸಿ ಒಳಗೆ ಕರೀರಿ, ಕಿಟಕಿ ಹಾಕಿ, ಫ್ಯಾನ್ ಟಿವಿ ಹಾಕಿಡಿ. ಹೆದರಿದ ನಾಯಿಯನ್ನು ಸಮಾಧಾನ ಮಾಡಿದ್ರೆ ಹೆದರಿಕೆ ಹೆಚ್ಚಾಗುದಿಲ್ಲ, ಧೈರ್ಯವಾಗಿ ಹತ್ರ ಕೂರಿಸ್ಕೊಳ್ಳಿ.

ಊಟದ ವಿಷಯ ಯಾರೂ ಯೋಚನೆ ಮಾಡುದಿಲ್ಲ. ರಾತ್ರಿ ಒಂಬತ್ತೂವರೆಗೆ ಎಲ್ಲರ ಊಟ ಆದ ಮೇಲೆ ಉಳಿದ ಗಂಜಿ, ಅದರ ತೆಳಿ, ಮೇಲಿಂದ ಒಂದು ತುಂಡು ಒಣಮೀನು. ತೆಳಿಯಲ್ಲಿ ಇರುದೆಲ್ಲ ನೀರು, ಒಣಮೀನಿನ ಉಪ್ಪಿಗೆ ಪುನಃ ಒಂದು ಪಾತ್ರೆ ನೀರು ಕುಡೀತದೆ, ಆಮೇಲೆ ಬೆಳಗಿನವರೆಗೆ ತಡ್ಕೊ ಅಂದ್ರೆ ಹೇಗೆ ತಡ್ಕೊಳ್ಬೇಕು. ರಾತ್ರಿಯ ಊಟ ಆರೂವರೆ ಏಳಕ್ಕೆ ಮುಗಿಸಿ, ತೆಳಿ ಬಗ್ಗಿಸಿ ಗಟ್ಟಿ ಅನ್ನ ಕೊಡಿ, ಉಪ್ಪಿನ ಮೀನು ಬಿಟ್ಟುಬಿಡಿ. ಕುಡಿಯುವ ನೀರು ಮಾತ್ರ ನಿಲ್ಲಿಸುದು ಬೇಡ. ಬರೀ ಈ ಒಂದು ಬದಲಾವಣೆಯಲ್ಲಿ ರಾತ್ರಿಯ ಮೂತ್ರ ನಿಂತ ಮನೆಗಳನ್ನು ನಾನು ನೋಡಿದ್ದೇನೆ.

ಮತ್ತೆ ಗೂಡು. ಬೆಳಿಗ್ಗೆ ಗೂಡಿಗೆ ಹಾಕಿದ್ರೆ ರಾತ್ರಿ ಬಿಡುದು, ಇದು ನಮ್ಮಲ್ಲಿ ತುಂಬ ಕಡೆ ನಡೆಯುವ ಕ್ರಮ. ನಾಯಿಗೆ ತಾನು ಮಲಗುವ ಜಾಗ ಕೊಳಕು ಮಾಡ್ಲಿಕ್ಕೆ ಹುಟ್ಟಿನಿಂದಲೇ ಮನಸ್ಸಿಲ್ಲ, ನಾವು ಕಲಿಸುದೆಲ್ಲ ಆ ಒಂದು ಗುಣದ ಮೇಲೆ ನಿಂತಿರುದು. ಹತ್ತು ಹನ್ನೆರಡು ಗಂಟೆ ಬೀಗ ಹಾಕಿ ಅಲ್ಲೇ ಮಾಡುವ ಹಾಗೆ ಮಾಡಿದ್ರೆ ಆ ಗುಣವೇ ಸತ್ತುಹೋಗ್ತದೆ, ಆಮೇಲೆ ಮನೆಯೊಳಗೆ ಬಿಟ್ರೆ ಎಲ್ಲಿ ಬೇಕಾದ್ರೂ ಮಾಡ್ತದೆ. ಮರಿಗೆ ಎಷ್ಟು ತಿಂಗಳು ಆಯ್ತೋ ಅದಕ್ಕೆ ಒಂದು ಸೇರಿಸಿದ್ರೆ ಅಷ್ಟು ಗಂಟೆ, ಅದೇ ಹೆಚ್ಚೆಂದ್ರೆ ತಡ್ಕೊಳ್ಳುವ ಹೊತ್ತು, ನಾಲ್ಕು ತಿಂಗಳ ಮರಿಗೆ ಐದು ಗಂಟೆ, ಅದೂ ಕಷ್ಟದಲ್ಲಿ. ದೊಡ್ಡ ನಾಯಿಗೂ ಹಗಲಲ್ಲಿ ಆರು ಎಂಟು ಗಂಟೆಗಿಂತ ಹೆಚ್ಚು ಮಾಡ್ಬೇಡಿ.

ಐದನೇದು: ವಾಸನೆ ತೆಗೆಯುದು

ನಮಗೆ ವಾಸನೆ ಹೋದ್ರೆ ಸಾಲದು, ನಾಯಿಯ ಮೂಗಿಗೆ ಹೋಗ್ಬೇಕು. ಮೊದಲು ಹಳೇ ಪೇಪರ್ ಒತ್ತಿ ಹೀರಿಸಿ, ಉಜ್ಜಬೇಡಿ. ಆಮೇಲೆ ನೀರಲ್ಲಿ ಒರೆಸಿ, ಮೇಲಿಂದ ಎನ್ಜೈಮ್ ಇರುವ ಪೆಟ್ ಕ್ಲೀನರ್ ಹಾಕಿ ಹತ್ತು ಹದಿನೈದು ನಿಮಿಷ ಒದ್ದೆಯಾಗಿಯೇ ಬಿಡಿ, ಪೆಟ್ ಶಾಪಲ್ಲಿ, ಆನ್‌ಲೈನಲ್ಲಿ ಸಿಗ್ತದೆ. ಅದು ಇಲ್ಲದ್ರೆ ಟೈಲ್ಸ್ ನೆಲಕ್ಕೆ ಬಿಳಿ ವಿನೆಗರ್ ಒಂದು ಪಾಲು ನೀರು ಒಂದು ಪಾಲು ಸೇರಿಸಿ ಒರೆಸಬಹುದು. ಹಳೇ ಮನೆಯ ಕಾವಿ ನೆಲ, ಮೊಸಾಯಿಕ್, ಮಾರ್ಬಲಿಗೆ ವಿನೆಗರ್ ಬೇಡ, ಹುಳಿಗೆ ಪಾಲಿಶ್ ಹೋಗಿ ಕಲೆ ಬೀಳ್ತದೆ, ಅದಕ್ಕೆ ಬೇಕಿಂಗ್ ಸೋಡಾ ಉದುರಿಸಿ ಒಣಗಿದ ಮೇಲೆ ಗುಡಿಸಿ. ಪಾಲಿಶ್ ಹೋದ ಸಿಮೆಂಟು, ಕೆಂಪುಕಲ್ಲು ಮೂತ್ರವನ್ನು ಒಳಗೆ ಹೀರ್ತದೆ, ಅಂಥ ಕಡೆ ಎರಡು ಮೂರು ಸಲ ಮಾಡ್ಬೇಕಾಗ್ತದೆ. ಎಲ್ಲೆಲ್ಲ ಮಾಡಿದೆ ಅಂತ ಗೊತ್ತಾಗದಿದ್ರೆ ನೋಟು ಚೆಕ್ ಮಾಡುವ ಯು.ವಿ. ಟಾರ್ಚ್ ತಗೊಂಡು ರಾತ್ರಿ ಲೈಟ್ ಆಫ್ ಮಾಡಿ ನೋಡಿ, ಒಣಗಿದ ಮೂತ್ರ ಮಸುಕಾಗಿ ಹೊಳೀತದೆ.

ಫಿನಾಯಿಲ್ ಬೇಡ, ನೆಲಕ್ಕೆ ಹಾಕಿದ್ದನ್ನು ನಾಯಿ ಕಾಲಿಂದ ನೆಕ್ತದೆ, ಅದು ವಿಷ. ಬಾವಿಗೆ ಹಾಕ್ಲಿಕ್ಕೆ ಅಂತ ಮನೆ ಮನೆಯಲ್ಲೂ ಬ್ಲೀಚಿಂಗ್ ಪೌಡರ್ ಇರ್ತದೆ, ಅದನ್ನು ಮೂತ್ರದ ಮೇಲೆ ಸುರೀಬೇಡಿ, ವಿನೆಗರ್ ಜೊತೆ ಅಂತೂ ಸೇರಿಸಲೇಬೇಡಿ, ಬರುವ ಗ್ಯಾಸಿಗೆ ನಿಮಗೇ ಉಸಿರು ಕಟ್ಟೀತು.

ಆರನೇದು: ಸಣ್ಣ ಮರಿ ಅಂತ ತಿಳ್ಕೊಂಡು ಪುನಃ ಶುರು ಮಾಡಿ

ಎರಡರಿಂದ ಮೂರು ವಾರ ಬೇಕಾಗ್ತದೆ, ಮನೆಯವರೆಲ್ಲ ಒಂದೇ ತರ ಮಾಡ್ಬೇಕು. ಬೆಳಿಗ್ಗೆ ಎದ್ದ ಕೂಡ್ಲೆ, ನೀವು ಮುಖ ತೊಳೆಯುವ ಮುಂಚೆ, ಹೊರಗೆ. ಊಟ ಆಗಿ ಹತ್ತರಿಂದ ಮೂವತ್ತು ನಿಮಿಷದೊಳಗೆ ಹೊರಗೆ, ಹೊಟ್ಟೆಗೆ ಬಿದ್ದ ಕೂಡ್ಲೆ ಕರುಳು ಕೆಲಸ ಶುರು ಮಾಡುದು ಸಹಜ. ನಿದ್ರೆಯಿಂದ ಎದ್ದಾಗ, ಆಟ ಆಡಿ ನಿಂತಾಗ, ಇವು ಯಾವುದೂ ಇಲ್ಲದಿದ್ರೂ ಹಗಲು ಎರಡು ಗಂಟೆಗೊಮ್ಮೆ, ರಾತ್ರಿ ಮಲಗುವ ಮುಂಚೆ. ಬೆಲ್ಟ್ ಹಾಕಿಯೇ ಹೋಗಿ, ಅದೇ ದಾರಿ, ಅದೇ ಜಾಗ, ಒಂದೇ ಮಾತು, "ಮಾಡು" ಅಂತಲೋ ನಿಮಗೆ ಬೇಕಾದ್ದು, ಆದ್ರೆ ಅಮ್ಮ ಒಂದು ಮಗ ಒಂದು ಹೇಳುದು ಬೇಡ. ಸುಮ್ಮನೆ ನಿಂತುಕೊಳ್ಳಿ, ಫೋನು ನೋಡ್ಬೇಡಿ, ಆಟ ಆಡಿಸ್ಬೇಡಿ. ಐದು ಹತ್ತು ನಿಮಿಷ. ಮಾಡಿ ಮುಗಿಸಿದ ಆ ಕ್ಷಣಕ್ಕೆ, ಅಲ್ಲೇ, ಬೇಯಿಸಿದ ಮೊಟ್ಟೆಯ ಚೂರೋ ಉಪ್ಪು ಹಾಕದ ಕೋಳಿಯ ಚೂರೋ ಬಾಯಿಗೆ ಕೊಟ್ಟು ಕೊಂಗಾಟ ಮಾಡಿ. ಮನೆಗೆ ಬಂದ ಮೇಲೆ ಕೊಟ್ರೆ ಅದು ಮನೆಗೆ ಬಂದದ್ದಕ್ಕೆ ಕೊಟ್ಟ ಹಾಗೆ ಆಗ್ತದೆ. ಮತ್ತೆ, ಮೂತ್ರ ಮಾಡಿದ ಕೂಡ್ಲೆ ಒಳಗೆ ಎಳ್ಕೊಂಡು ಬರ್ಬೇಡಿ, ಐದು ನಿಮಿಷ ತಿರುಗಾಡಿಸಿ, ಇಲ್ಲದ್ರೆ ಮಾಡಿದ್ರೆ ತಿರುಗಾಟ ಮುಗೀತದೆ ಅಂತ ಕಲಿತು ಕಾದು ಕಾದು ನಿಲ್ತದೆ.

ಹೊರಗೆ ಮಾಡಲೇ ಇಲ್ಲ ಅಂದ್ರೆ ಒಳಗೆ ಬಂದು ಬಿಟ್ಟುಬಿಡ್ಬೇಡಿ. ಬೆಲ್ಟನ್ನು ನಿಮ್ಮ ಸೊಂಟಕ್ಕೋ ಕುರ್ಚಿಗೋ ಕಟ್ಟಿ ಹತ್ರ ಇಟ್ಕೊಳ್ಳಿ, ಹದಿನೈದು ನಿಮಿಷ ಬಿಟ್ಟು ಪುನಃ ಹೋಗಿ. ನೆಲ ಮೂಸುದು, ಒಂದೇ ಜಾಗದಲ್ಲಿ ಸುತ್ತು ಬರುದು, ಆಡ್ತಾ ಇದ್ದದ್ದು ಒಮ್ಮೆಲೆ ನಿಲ್ಲಿಸಿ ಮೂಲೆಗೆ ನಡೆಯುದು ಕಂಡ್ರೆ ಎತ್ಕೊಂಡಾದ್ರೂ ಓಡಿ.

ಮಾಡ್ತಾ ಇರುವಾಗಲೇ ಕಂಡ್ರೆ "ಬಾ ಬಾ ಬಾ" ಅಂತ ಸಾಧಾರಣ ಸ್ವರದಲ್ಲಿ ಕರೆದು ಹೊರಗೆ ಕರ್ಕೊಂಡು ಹೋಗಿ, ಉಳಿದದ್ದು ಅಲ್ಲಿ ಮಾಡಿದ್ರೆ ಬಹುಮಾನ ಕೊಡಿ. ಮಾಡಿ ಆದ ಮೇಲೆ ಕಂಡ್ರೆ ಎಂತದೂ ಹೇಳ್ಬೇಡಿ. ಮೂಗು ತಿಕ್ಕುದು, ಹಿಡಿಸೂಡಿಯಲ್ಲಿ ಬಾರಿಸುದು ನಮ್ಮ ಅಜ್ಜಂದಿರ ಕಾಲದಿಂದ ಬಂದದ್ದು, ಅದರಿಂದ ನಾಯಿ ಕಲಿಯುದು ಒಂದೇ ಪಾಠ, ಈ ಮನುಷ್ಯರ ಎದುರು ಮೂತ್ರ ಮಾಡ್ಬಾರ್ದು ಅಂತ. ಆಮೇಲೆ ಬೆಲ್ಟ್ ಹಿಡ್ಕೊಂಡು ಅರ್ಧ ಗಂಟೆ ಹೊರಗೆ ನಿಂತ್ರೂ ಮಾಡುದಿಲ್ಲ, ಒಳಗೆ ಬಂದು ಸೋಫಾದ ಹಿಂದೆ ಹೋಗಿ ಮಾಡ್ತದೆ.

ಎರಡು ವಾರ ಒಂದೂ ತಪ್ಪಿಲ್ಲದೆ ಕಳೆದ್ರೆ ಒಂದು ಕೋಣೆಗೆ ಬೆಲ್ಟಿಲ್ಲದೆ ಬಿಡಿ. ಇನ್ನೂ ಎರಡು ವಾರ ಸರಿ ಇದ್ರೆ ಚಾವಡಿ. ನಡುವೆ ತಪ್ಪಿದ್ರೆ ಒಂದು ಮೆಟ್ಲು ಹಿಂದೆ ಬನ್ನಿ, ಅದರಲ್ಲಿ ಬೇಜಾರು ಮಾಡ್ಲಿಕ್ಕೆ ಎಂತದೂ ಇಲ್ಲ. ಮೂರು ವಾರ ಸರಿಯಾಗಿ ಮಾಡಿಯೂ ಚೂರೂ ಬದಲಾಗದಿದ್ರೆ ಆ ಕ್ಯಾಲೆಂಡರ್ ಹಾಳೆಯ ಫೋಟೋ ತೆಗೆದು ಪುನಃ ಡಾಕ್ಟ್ರಿಗೆ ತೋರಿಸಿ, ಸ್ಕ್ಯಾನಿಂಗಿಗೆ ಮಂಗಳೂರಿಗೆ ಹೋಗಿ ಅಂದ್ರೆ ಹೋಗಿಬನ್ನಿ.

ಮದುವೆ, ಪೂಜೆ ಅಂತ ಎರಡು ದಿನ ಮನೆ ಬಿಟ್ಟು ಹೋಗುದಿದ್ರೆ ನಾಯಿ ನೋಡ್ಕೊಳ್ಳುವವರಿಗೆ ಊಟದ ಟೈಮ್ ಹೇಳಿದ ಹಾಗೇ ಮೂತ್ರಕ್ಕೆ ಕರ್ಕೊಂಡು ಹೋಗುವ ಟೈಮು, ಜಾಗ, ಹೇಳುವ ಮಾತು, ಮೂರನ್ನೂ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಮತ್ತೆ ಹೊಯಿಗೆಯ ಜಾಗಕ್ಕೆ ಶೀಟ್ ಹಾಕುವ ಕೆಲಸ ಮೇ ತಿಂಗಳ ಮೊದಲ ವಾರದಲ್ಲೇ ಮುಗಿಸಿ, ಮಳೆ ಹಿಡಿಯುವ ಮುಂಚೆ ದಿನಕ್ಕೆ ಎರಡು ಸಲವಾದ್ರೂ ಅಲ್ಲಿಗೇ ಕರ್ಕೊಂಡು ಹೋಗಿ ಅಭ್ಯಾಸ ಮಾಡಿಸಿ, ಶೀಟಿನ ಮೇಲೆ ಪೈಪಲ್ಲಿ ನೀರು ಬಿಟ್ಟು ಆ ಶಬ್ದವನ್ನೂ ಒಮ್ಮೆ ಕೇಳಿಸಿ.